ಕೆಲಸ ಬಿಡಬೇಕಾದವರು ನೀವಲ್ಲ!

ಬೆಳಿಗ್ಗೆ ಐದಕ್ಕೆ ಎದ್ದು, ತಿಂಡಿ ಅಡಿಗೆ ಎರಡನ್ನೂ ಒಟ್ಟಿಗೇ ಮುಗಿಸಿ, ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ, ಅತ್ತೆಯವರ ಮಾತ್ರೆ ಎಲ್ಲವನ್ನೂ ನೆನಪಿಟ್ಟು ಕೊಟ್ಟು, ಓಡೋಡಿ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ಸೋದರಿಯರು ನಮ್ಮಲ್ಲಿ ಎಷ್ಟು ಮಂದಿ! ಇಷ್ಟೆಲ್ಲ ಒದ್ದಾಡುವುದು ಸಂಬಳಕ್ಕಾಗಿ ಎನ್ನುವುದೇನೋ ನಿಜ. ಆದರೆ ಸಂಬಳವೊಂದೇ ಅಲ್ಲ. ನಾನೂ ನಾಲ್ಕು ಜನರ ನಡುವೆ ನಿಂತು ಕೆಲಸ ಮಾಡಬಲ್ಲೆ, ಮಗಳ ಫೀಸಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ ಎಂಬ ಧೈರ್ಯವೂ ಆ ಕೆಲಸದಿಂದಲೇ ಬರುವುದು.

ಅಂಥ ಕೆಲಸದ ಜಾಗದಲ್ಲಿ ಒಬ್ಬ ಗಂಡಸು, ಬಹುಮಟ್ಟಿಗೆ ಮೇಲಿನ ಹುದ್ದೆಯಲ್ಲಿರುವವನು, ಫೈಲು ಕೊಡುವ ನೆಪದಲ್ಲಿ ಕೈ ಸವರುತ್ತಾನೆ. ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಇದ್ದು ಹೋಗಿ ಎನ್ನುತ್ತಾನೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಬೇಡದ ಸಂದೇಶ ಕಳಿಸುತ್ತಾನೆ. ಆಗ ನಮ್ಮ ಹೆಣ್ಣುಮಗಳು ಏನು ಮಾಡುತ್ತಾಳೆ ಹೇಳಿ? ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳುತ್ತಾಳೆ. ಆ ಕೋಣೆಗೆ ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದೊಯ್ಯುತ್ತಾಳೆ. ನಗುವುದನ್ನು ಬಿಡುತ್ತಾಳೆ. ಭಾನುವಾರ ಸಾಯಂಕಾಲ ಬಂತೆಂದರೆ ನಾಳೆಯನ್ನು ನೆನೆದು ಹೊಟ್ಟೆ ತೊಳಸುತ್ತದೆ. ಕೊನೆಗೊಂದು ದಿನ ರಾಜೀನಾಮೆ ಬರೆದುಕೊಡುತ್ತಾಳೆ. ಅದರಲ್ಲಿ ಬರೆಯುವ ಕಾರಣವಾದರೂ ಏನು? “ವೈಯಕ್ತಿಕ ಕಾರಣಗಳಿಂದ.”

ಸೋದರಿ, ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ಎರಡು ಪದಗಳ ಬಗ್ಗೆಯೇ. ಅದು ವೈಯಕ್ತಿಕ ಕಾರಣವಲ್ಲ. ಅದು ಕೆಲಸದ ಜಾಗದ ಸಮಸ್ಯೆ. ಅದನ್ನು ಸರಿಪಡಿಸುವ ಹೊಣೆ ಕೆಲಸ ಕೊಟ್ಟವರದು. ಇಷ್ಟು ಸರಳವಾದ ಮಾತನ್ನು ಒಪ್ಪಿಸಲು ಎಷ್ಟು ಹೆಂಗಸರು ಎಷ್ಟು ವರ್ಷ ಹೋರಾಡಬೇಕಾಯಿತು ಎಂದು ತಿಳಿದರೆ, ನಾಳೆ ನಿಮ್ಮ ಬಾಯಿ ತಾನಾಗಿಯೇ ತೆರೆಯುತ್ತದೆ.

ಹೆಸರಿಲ್ಲದ ಕಾಯಿಲೆ

ಮೊದಲಿಗೆ ಇದಕ್ಕೊಂದು ಹೆಸರೇ ಇರಲಿಲ್ಲ. “ಸಾಹೇಬರ ಸ್ವಭಾವವೇ ಅಷ್ಟು ಬಿಡಿ,” “ಅವರು ಎಲ್ಲರ ಜೊತೆಗೂ ಹಾಗೇ,” “ತಮಾಷೆಗೆ ಅಂದದ್ದನ್ನ ಯಾಕೆ ಮನಸ್ಸಿಗೆ ಹಚ್ಕೊಳ್ತೀಯ?” ಎಂದು ಹೇಳಿ ಮುಗಿಸುತ್ತಿದ್ದರು. ನಮ್ಮಲ್ಲಷ್ಟೇ ಅಲ್ಲ, ಅಮೇರಿಕೆಯಲ್ಲೂ ಇದೇ ಕಥೆ.

ಅಲ್ಲಿಯ ಇಥಾಕಾ ಎಂಬ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಟಾ ವುಡ್ ಎಂಬಾಕೆ ಕಛೇರಿ ಕೆಲಸದಲ್ಲಿದ್ದರು. ಮೇಲಿನವನ ಕಾಟಕ್ಕೆ ಮೈಕೈ ನೋವು ಶುರುವಾಗಿ, ಬೇರೆ ವಿಭಾಗಕ್ಕೆ ವರ್ಗ ಕೇಳಿ, ಅದೂ ಸಿಗದೆ 1974ರಲ್ಲಿ ಕೆಲಸ ಬಿಟ್ಟರು. ಕೆಲಸ ಕಳೆದುಕೊಂಡವರಿಗೆ ಅಲ್ಲಿ ಸರ್ಕಾರ ಕೊಡುವ ಭತ್ಯೆಗೆ ಅರ್ಜಿ ಹಾಕಿದಾಗ ಬಂದ ಉತ್ತರವೇನು ಗೊತ್ತೇ? ನೀವು ಬಿಟ್ಟದ್ದು ವೈಯಕ್ತಿಕ ಕಾರಣಕ್ಕೆ, ಆದ್ದರಿಂದ ಭತ್ಯೆ ಇಲ್ಲ! ನೋಡಿದಿರಾ, ನಮ್ಮ ರಾಜೀನಾಮೆ ಪತ್ರದಲ್ಲಿರುವ ಅದೇ ಮಾತು.

ಕಾರ್ಮಿಟಾ ಸುಮ್ಮನಾಗಲಿಲ್ಲ. ಅಲ್ಲಿ ಹೆಂಗಸರ ಬಗ್ಗೆ ಪಾಠ ಹೇಳುತ್ತಿದ್ದ ಲಿನ್ ಫಾರ್ಲಿ ಮತ್ತು ಅವರ ಗೆಳತಿಯರ ಬಳಿ ಹೋದರು. ಎಲ್ಲರೂ ಒಂದೆಡೆ ಕುಳಿತು ತಂತಮ್ಮ ಅನುಭವ ಹೇಳಿಕೊಂಡಾಗ ಒಬ್ಬೊಬ್ಬರಿಗೂ ಇಂಥದ್ದೇ ಒಂದು ಕಥೆ ಇರುವುದು ತಿಳಿಯಿತು. ಇದಕ್ಕೊಂದು ಹೆಸರು ಬೇಕಲ್ಲ ಎಂದು ಯೋಚಿಸಿ ಆರಿಸಿದ್ದೇ ಲೈಂಗಿಕ ಕಿರುಕುಳ ಎಂಬ ಅರ್ಥದ ಇಂಗ್ಲಿಷ್ ಮಾತು. 1975ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಸಭೆ ಸೇರಿ ಹೆಂಗಸರು ಎದ್ದು ನಿಂತು ಬಹಿರಂಗವಾಗಿ ಮಾತಾಡಿದರು. ಕಾಯಿಲೆಗೆ ಹೆಸರು ಸಿಕ್ಕಿತು. ಹೆಸರಿದ್ದರೆ ತಾನೆ ಮದ್ದು ಹುಡುಕಬಹುದು?

ಭಟೇರಿಯ ಭಂವರಿ ದೇವಿ

ನಮ್ಮ ದೇಶದಲ್ಲಿ ಈ ಮದ್ದಿಗೆ ದಾರಿ ಮಾಡಿದವರು ದೊಡ್ಡ ಓದು ಓದಿದವರಲ್ಲ, ರಾಜಸ್ಥಾನದ ಹಳ್ಳಿಯ ಒಬ್ಬ ಕುಂಬಾರ ಹೆಣ್ಣುಮಗಳು. ಹೆಸರು ಭಂವರಿ ದೇವಿ. ಜಯಪುರದ ಹತ್ತಿರದ ಭಟೇರಿ ಎಂಬ ಹಳ್ಳಿಯವರು. ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 1985ರಿಂದ ‘ಸಾಥಿನ್’ ಆಗಿದ್ದರು. ಸಾಥಿನ್ ಅಂದರೆ ಗೆಳತಿ. ನಮ್ಮ ಅಂಗನವಾಡಿ ಕಾರ್ಯಕರ್ತೆಯರನ್ನೋ ಆಶಾ ಕಾರ್ಯಕರ್ತೆಯರನ್ನೋ ನೆನೆದುಕೊಳ್ಳಿ. ಅಲ್ಪ ಗೌರವಧನಕ್ಕೆ ಮನೆಮನೆ ತಿರುಗಿ ಆರೋಗ್ಯ, ಶಿಕ್ಷಣ, ಕೂಲಿಯ ಹಕ್ಕು ಎಂದು ತಿಳಿವಳಿಕೆ ಹೇಳುವ ಕೆಲಸ.

1992ರಲ್ಲಿ ಅಕ್ಷಯ ತದಿಗೆಯ ಸುಮಾರಿಗೆ ಬಾಲ್ಯವಿವಾಹ ತಡೆಯಬೇಕೆಂದು ಸರ್ಕಾರದ ಆಜ್ಞೆ ಬಂತು. ಊರಿನ ಬಲಿಷ್ಠ ಜಾತಿಯ ಒಂದು ಮನೆಯಲ್ಲಿ ಇನ್ನೂ ಹಸುಗೂಸಿನಂತಿದ್ದ ಮಗುವಿಗೆ ಮದುವೆ ಗೊತ್ತಾಗಿತ್ತು. ಭಂವರಿ ಹೋಗಿ ಬುದ್ಧಿ ಹೇಳಿದರು. ಪೊಲೀಸರೂ ಬಂದರು. ಆದರೂ ಮದುವೆ ನಡೆದೇ ಹೋಯಿತು. ಸಿಟ್ಟು ಮಾತ್ರ ಭಂವರಿಯ ಮೇಲೆ ತಿರುಗಿತು. ಊರವರು ಅವರ ಮಡಕೆ ಕೊಳ್ಳುವುದನ್ನು ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರ್ 22ರಂದು, ಗಂಡ ಹೆಂಡತಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ, ಗಂಡನನ್ನು ಹೊಡೆದು ಕೆಡವಿ ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿದರೆಂದು ಭಂವರಿ ದೂರು ಕೊಟ್ಟರು.

ಮುಂದಿನದನ್ನು ಕೇಳಿದರೆ ಕರುಳು ಹಿಂಡುತ್ತದೆ. ವೈದ್ಯರ ಪರೀಕ್ಷೆಗೇ ಎರಡು ದಿನಕ್ಕೂ ಹೆಚ್ಚು ಅಲೆದಾಟ. ನ್ಯಾಯಾಲಯದಲ್ಲಿ ನ್ಯಾಯಾಧೀಶರ ಮೇಲೆ ನ್ಯಾಯಾಧೀಶರು ಬದಲಾದರು. 1995ರ ನವೆಂಬರ್‌ನಲ್ಲಿ ಆರೋಪಿಗಳೆಲ್ಲ ಅತ್ಯಾಚಾರದ ಆಪಾದನೆಯಿಂದ ಬಿಡುಗಡೆಯಾದರು. ಮೇಲುಜಾತಿಯವರು ಇಂಥ ಕೆಲಸ ಮಾಡಿರಲಾರರು ಎಂಬಂಥ ವಾದವೂ ಆ ತೀರ್ಪಿನಲ್ಲಿತ್ತೆಂದು ದೇಶದ ತುಂಬ ಹೆಂಗಸರು ರೊಚ್ಚಿಗೆದ್ದರು. ಮೇಲ್ಮನವಿ ಹಾಕಿದ್ದೇನೋ ಆಯಿತು. 2007ರ ಹೊತ್ತಿಗೆ ಅದು ಒಂದೇ ಒಂದು ಸಲ ವಿಚಾರಣೆಗೆ ಬಂದಿತ್ತು, ಆರೋಪಿಗಳಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆದರೆ ಭಂವರಿ ಊರು ಬಿಡಲಿಲ್ಲ. ಬಾಯಿ ಮುಚ್ಚಿಕೊಳ್ಳಲೂ ಇಲ್ಲ.

ಒಬ್ಬಳ ನೋವಿನಿಂದ ಎಲ್ಲರಿಗೂ ರಕ್ಷಣೆ

ಭಂವರಿಯ ಸಂಗಡ ನಿಂತ ಮಹಿಳಾ ಸಂಘಟನೆಗಳು ಒಂದು ಮುಖ್ಯ ಪ್ರಶ್ನೆ ಕೇಳಿದವು. ಈಕೆಗೆ ಈ ಗತಿ ಬಂದದ್ದು ಯಾಕೆ? ಸರ್ಕಾರ ಹೇಳಿದ ಕೆಲಸವನ್ನು ಮಾಡಿದ್ದಕ್ಕೆ. ಹಾಗಾದರೆ ಕೆಲಸ ಕೊಟ್ಟವರಿಗೆ ಹೊಣೆಯಿಲ್ಲವೇ? ಜಯಪುರದ ‘ವಿಶಾಖಾ’ ಮತ್ತಿತರ ಸಂಘಟನೆಗಳು ಇದೇ ಪ್ರಶ್ನೆಯನ್ನು ಹೊತ್ತು ಸುಪ್ರೀಂ ಕೋರ್ಟಿಗೆ ಹೋದವು.

1997ರ ಆಗಸ್ಟ್ 13ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಅದು. ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಮಹಿಳೆ, ನ್ಯಾಯಮೂರ್ತಿ ಸುಜಾತಾ ಮನೋಹರ್. ಕೆಲಸದ ಜಾಗದಲ್ಲಿ ಹೆಣ್ಣಿಗೆ ಕಿರುಕುಳ ಕೊಡುವುದೆಂದರೆ ಸಂವಿಧಾನ ಅವಳಿಗೆ ಕೊಟ್ಟ ಸಮಾನತೆಯ ಹಕ್ಕು, ಬದುಕುವ ಹಕ್ಕು, ಉದ್ಯೋಗ ಮಾಡುವ ಹಕ್ಕು ಮೂರನ್ನೂ ಕಿತ್ತುಕೊಂಡಂತೆ ಎಂದು ನ್ಯಾಯಾಲಯ ಹೇಳಿತು. ಸಂಸತ್ತು ಕಾಯಿದೆ ಮಾಡುವವರೆಗೆ ಈ ನಿಯಮಗಳೇ ಕಾಯಿದೆ ಎಂದು ಸಾರಿ, ಪ್ರತಿ ಕೆಲಸದ ಜಾಗದಲ್ಲೂ ದೂರು ಕೇಳುವ ಸಮಿತಿ ಇರಬೇಕು, ಅದಕ್ಕೆ ಹೆಂಗಸೇ ಮುಖ್ಯಸ್ಥೆಯಾಗಿರಬೇಕು ಎಂದು ವಿಧಿಸಿತು. ಇದೇ ಪ್ರಸಿದ್ಧವಾದ ವಿಶಾಖಾ ತೀರ್ಪು.

ಬೆಂಗಳೂರಿನ ಹವಾನಿಯಂತ್ರಿತ ಕಛೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಗೂ, ತಾಲ್ಲೂಕು ಕಛೇರಿಯ ಗುಮಾಸ್ತೆಗೂ ಇಂದು ಇರುವ ರಕ್ಷಣೆಯ ಬೇರು ಭಟೇರಿಯ ಆ ಹೊಲದಲ್ಲಿದೆ. ತನಗೆ ದಕ್ಕದ ನ್ಯಾಯವನ್ನು ಆಕೆ ನಮಗೆ ದೊರಕಿಸಿಕೊಟ್ಟರು. ಅದನ್ನು ಬಳಸದೆ ಕಪಾಟಿನಲ್ಲಿಟ್ಟರೆ ಆಗುತ್ತದೆಯೇ?

‘ಇಷ್ಟು ಸಣ್ಣ ವಿಷಯಕ್ಕೆ...’

“ಮುಟ್ಟಿದ್ದಷ್ಟೇ ತಾನೆ? ಅದಕ್ಕೂ ಕೋರ್ಟು ಕಛೇರಿಯೇ?” ಎಂದು ಮೂಗೆಳೆಯುವವರಿದ್ದಾರೆ. ಅಂಥವರಿಗೆ ಎರಡು ಪ್ರಸಂಗ ಹೇಳಿ. ಎರಡೂ 1988ನೇ ಇಸವಿಯವು.

ಆ ವರ್ಷ ಜುಲೈನಲ್ಲಿ ಚಂಡೀಗಢದ ಒಂದು ಔತಣಕೂಟದಲ್ಲಿ ಪಂಜಾಬಿನ ಹಿರಿಯ ಐ.ಎ.ಎಸ್. ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರೊಡನೆ ರಾಜ್ಯದ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ಎಲ್ಲರ ಮುಂದೆಯೇ ಅಸಭ್ಯವಾಗಿ ವರ್ತಿಸಿದರು. ಗಿಲ್ ಆಗ ಭಯೋತ್ಪಾದನೆ ಅಡಗಿಸುವವರೆಂದು ದೇಶವೆಲ್ಲ ಹೊಗಳುತ್ತಿದ್ದ ವ್ಯಕ್ತಿ. ರೂಪನ್ ಪೊಲೀಸರಿಗೆ ದೂರು ಕೊಟ್ಟರು. ಹೈಕೋರ್ಟು ಇದು ಕ್ಷುಲ್ಲಕ ಸಂಗತಿಯೆಂಬಂತೆ ದೂರನ್ನೇ ರದ್ದು ಮಾಡಿತು. ರೂಪನ್ ಸುಪ್ರೀಂ ಕೋರ್ಟಿಗೆ ಹೋದರು. ಹೆಣ್ಣಿನ ಮಾನ ಕ್ಷುಲ್ಲಕವಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆಗೆ ಮತ್ತೆ ಜೀವ ಕೊಟ್ಟಿತು. 1996ರಲ್ಲಿ ಗಿಲ್ ತಪ್ಪಿತಸ್ಥರೆಂದು ತೀರ್ಮಾನವಾಯಿತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಲೆಕ್ಕ ಹಾಕಿ, ಹದಿನೇಳು ವರ್ಷ! ಅಷ್ಟು ದೊಡ್ಡ ಹುದ್ದೆಯಲ್ಲಿದ್ದ ಹೆಂಗಸಿಗೇ ಹೀಗೆ.

ಇನ್ನೊಂದು ದೆಹಲಿಯದು. ಉಡುಪು ರಫ್ತು ಉತ್ತೇಜನ ಮಂಡಳಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಗೆ ಡಿಕ್ಟೇಷನ್ ಬರೆದುಕೊಳ್ಳುವ ತರಬೇತಿಯೇ ಆಗಿರಲಿಲ್ಲ. ಆದರೂ ಒಬ್ಬ ಅಧಿಕಾರಿ ಡಿಕ್ಟೇಷನ್ ನೆಪ ಹೇಳಿ ಅವಳನ್ನು ದೊಡ್ಡ ಹೊಟೇಲಿಗೆ ಕರೆದೊಯ್ದು, ಬೇಡವೆಂದರೂ ಮತ್ತೆ ಮತ್ತೆ ಹತ್ತಿರ ಬರಲು ನೋಡಿದ. ಮಂಡಳಿ ವಿಚಾರಣೆ ಮಾಡಿ ಅವನನ್ನು ಕೆಲಸದಿಂದ ತೆಗೆಯಿತು. ಆದರೆ ಹೈಕೋರ್ಟು, ಅವನು ಪ್ರಯತ್ನ ಮಾತ್ರ ಮಾಡಿದ, ನಿಜವಾಗಿ ಮೈ ಮುಟ್ಟಲಿಲ್ಲವಲ್ಲ ಎಂದು ಅವನ ಪರವಾಗಿ ತೀರ್ಪು ಕೊಟ್ಟಿತು. 1999ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿ, ಮೈ ಮುಟ್ಟಲೇಬೇಕೆಂದೇನಿಲ್ಲ, ಇದೂ ಕಿರುಕುಳವೇ ಎಂದು ಹೇಳಿ ವಜಾ ಮಾಡಿದ್ದನ್ನು ಎತ್ತಿಹಿಡಿಯಿತು.

ಕಾಯಿದೆ ಬಂತು, ನಿಮಗೆ ಗೊತ್ತೇ?

ವಿಶಾಖಾ ತೀರ್ಪಿನ ಹದಿನಾರು ವರ್ಷಗಳ ಮೇಲೆ, 2013ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಆ ವರ್ಷ ಡಿಸೆಂಬರ್ 9ರಿಂದ ಜಾರಿಯಲ್ಲಿದೆ. ಅದರ ಮುಖ್ಯಾಂಶಗಳನ್ನು ಅಡಿಗೆಯ ಅಳತೆಯಷ್ಟೇ ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಕಿರುಕುಳ ಎಂದರೆ ಯಾವುದು? ನಿಮಗೆ ಬೇಡವಾದ ಮೈ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಮಾತಿನಿಂದಲೋ ಸನ್ನೆಯಿಂದಲೋ ಇಂಥದೇ ಇನ್ನಾವುದೇ ನಡವಳಿಕೆ. “ನನ್ನ ಮಾತು ಕೇಳಿದರೆ ಪ್ರಮೋಷನ್, ಕೇಳದಿದ್ದರೆ ವರ್ಗಾವಣೆ” ಎಂಬ ಆಸೆ ಬೆದರಿಕೆಗಳೂ ಅದರಲ್ಲಿ ಸೇರಿವೆ. ಅವನ ಮನಸ್ಸಿನಲ್ಲಿ ತಮಾಷೆಯಿತ್ತೋ ಇಲ್ಲವೋ ಎನ್ನುವುದಲ್ಲ, ನಿಮಗೆ ಅದು ಬೇಡವಾಗಿತ್ತು ಎನ್ನುವುದು ಮುಖ್ಯ.

ಯಾರಿಗೆ ಅನ್ವಯ? ಕಾಯಂ ನೌಕರರಿಗೆ ಮಾತ್ರ ಎಂದುಕೊಳ್ಳಬೇಡಿ. ಗುತ್ತಿಗೆಯವರು, ದಿನಗೂಲಿಯವರು, ತರಬೇತಿಗೆ ಬಂದವರು, ಸಂಬಳವಿಲ್ಲದೆ ಸೇವೆ ಮಾಡುವವರು ಎಲ್ಲರಿಗೂ ಅನ್ವಯ. ಕೆಲಸದ ಜಾಗವೆಂದರೆ ಕಛೇರಿಯ ನಾಲ್ಕು ಗೋಡೆಯಷ್ಟೇ ಅಲ್ಲ. ಕೆಲಸದ ಮೇಲೆ ನೀವು ಹೋಗುವ ಊರು, ಅವರೇ ಕೊಟ್ಟ ವಾಹನ, ಆಸ್ಪತ್ರೆ, ಮನೆಗೆಲಸದವರಿಗೆ ಅವರು ಕೆಲಸ ಮಾಡುವ ಮನೆ ಎಲ್ಲವೂ ಸೇರುತ್ತವೆ.

ಎಲ್ಲಿ ಹೇಳಬೇಕು? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯೇ ಆಗಿರಬೇಕು. ಸದಸ್ಯರಲ್ಲಿ ಕಡೇಪಕ್ಷ ಅರ್ಧದಷ್ಟು ಹೆಂಗಸರಿರಬೇಕು. ಮಾಲೀಕರ ಹಂಗಿಲ್ಲದ ಹೊರಗಿನವರೊಬ್ಬರೂ ಇರಬೇಕು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಬೀಳುತ್ತದೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಕಾಟ ಕೊಡುವವನು ಮಾಲೀಕನೇ ಆಗಿದ್ದರೆ? ಅದಕ್ಕೇ ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಉಂಟು. ಅದರ ವಿಳಾಸವನ್ನು ಜಿಲ್ಲಾಧಿಕಾರಿಗಳ ಕಛೇರಿಯಲ್ಲೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಛೇರಿಯಲ್ಲೋ ಕೇಳಿ. ಹೇಳಬೇಕಾದದ್ದು ಅವರ ಕರ್ತವ್ಯ. ಕೇಂದ್ರ ಸರ್ಕಾರದ ‘ಶಿ-ಬಾಕ್ಸ್’ ಎಂಬ ವ್ಯವಸ್ಥೆಯ ಮೂಲಕ ಮನೆಯಲ್ಲೇ ಕುಳಿತು ಇಂಟರ್‌ನೆಟ್ಟಿನಲ್ಲೂ ದೂರು ಸಲ್ಲಿಸಬಹುದು.

ನೀವು ಮಾಡಬೇಕಾದದ್ದೇನು?

ಮೊದಲನೆಯದಾಗಿ, “ಬೇಡ” ಎನ್ನಿ. ಸಾಧ್ಯವಾದರೆ ಎಲ್ಲರಿಗೂ ಕೇಳುವಂತೆ ಎನ್ನಿ. “ಸಾರ್, ಕೈ ತೆಗೀರಿ” ಎಂಬ ಎರಡು ಮಾತು ಸಾಕು, ಎಷ್ಟೋ ಪುಕ್ಕಲರ ಧೈರ್ಯ ಅಲ್ಲಿಗೇ ಇಳಿದುಹೋಗುತ್ತದೆ. ಆ ಕ್ಷಣದಲ್ಲಿ ನಾಲಿಗೆ ಏಳದೇ ಹೋದರೂ ಪರವಾಗಿಲ್ಲ, ಅದು ನಿಮ್ಮ ತಪ್ಪಲ್ಲ. ಸುಮ್ಮನಿದ್ದಿರಿ ಎಂದ ಮಾತ್ರಕ್ಕೆ ಒಪ್ಪಿದಿರಿ ಎಂದಾಗುವುದಿಲ್ಲ.

ಎರಡನೆಯದಾಗಿ, ಬರೆದಿಡಿ. ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆದಿಡುವ ನಮಗೆ ಇದೇನು ಕಷ್ಟ? ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಅವನು ಆಡಿದ ಮಾತು ಇದ್ದದ್ದಿದ್ದಂತೆ, ಹತ್ತಿರದಲ್ಲಿ ಯಾರಿದ್ದರು, ಎಲ್ಲವನ್ನೂ ಅಂದೇ ಬರೆಯಿರಿ. ಆ ಮಾತು ಬರೆಯಲು ಅಸಹ್ಯವೆನಿಸಿದರೂ ಬರೆಯಿರಿ. ಫೋನಿಗೆ ಬಂದ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಿಹಾಕಬೇಡಿ, ಅದೇ ನಿಮ್ಮ ಸಾಕ್ಷಿ.

ಮೂರನೆಯದಾಗಿ, ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಹೇಳಿ. ನಿಮ್ಮೊಬ್ಬರಿಗೇ ಹೀಗಾಗುತ್ತಿದೆ ಎಂದುಕೊಂಡಿರುತ್ತೀರಿ. ಪಕ್ಕದ ಮೇಜಿನವರೂ ಹಾಗೇ ಅಂದುಕೊಂಡು ಸುಮ್ಮನಿರಬಹುದು!

ನಾಲ್ಕನೆಯದು ಬಹಳ ಮುಖ್ಯ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವ ನೆರವು ನೀಡುವುದು ಸಮಿತಿಯದೇ ಕರ್ತವ್ಯ. ದೂರು ಹೀಗಿದ್ದರೆ ಸಾಕು:

“ಅಧ್ಯಕ್ಷೆಯವರಿಗೆ, ನಾನು ಇಂಥ ವಿಭಾಗದಲ್ಲಿ ಇಷ್ಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ದಿನಾಂಕದಂದು ಇಷ್ಟು ಗಂಟೆಗೆ ಇಂಥ ಜಾಗದಲ್ಲಿ, ಇಂಥ ಹುದ್ದೆಯಲ್ಲಿರುವ ಇಂಥವರು ನನ್ನೊಡನೆ ಹೀಗೆ ನಡೆದುಕೊಂಡರು. ನಾನು ಬೇಡವೆಂದೆ. ಆಮೇಲೂ ಇಂಥ ದಿನ ಹೀಗೆ ಮಾಡಿದರು. ಇಂಥವರು ನೋಡಿದ್ದಾರೆ. ಸಂದೇಶಗಳ ಪ್ರತಿ ಲಗತ್ತಿಸಿದ್ದೇನೆ. 2013ರ ಕಾಯಿದೆಯಂತೆ ವಿಚಾರಣೆ ನಡೆಸಬೇಕೆಂದೂ, ಅಲ್ಲಿಯವರೆಗೆ ನಾನು ಅವರ ಕೈಕೆಳಗೆ ಕೆಲಸ ಮಾಡದಂತೆ ಏರ್ಪಾಡು ಮಾಡಬೇಕೆಂದೂ ಕೋರುತ್ತೇನೆ.”

ಇದರ ಆರು ಪ್ರತಿಗಳನ್ನು ಕೊಡಬೇಕು. ಇನ್ನೊಂದು ಪ್ರತಿ ನಿಮ್ಮ ಬಳಿಯೇ ಇರಲಿ. ಅದರ ಮೇಲೆ “ಸ್ವೀಕರಿಸಿದೆ” ಎಂದು ಸಹಿ, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಆಮೇಲೆ ಸಮಿತಿ 90 ದಿನಗಳೊಳಗೆ ವಿಚಾರಣೆ ಮುಗಿಸಬೇಕು. ಅಷ್ಟರವರೆಗೆ ನಿಮಗೆ ಬೇರೆ ಕಡೆಗೆ ವರ್ಗ ಬೇಕಾದರೆ ಕೇಳಬಹುದು, ಅವನನ್ನೇ ವರ್ಗ ಮಾಡಿ ಎಂದೂ ಕೇಳಬಹುದು. ನಿಮ್ಮ ಮಾಮೂಲಿ ರಜೆಯ ಮೇಲೆ ಮೂರು ತಿಂಗಳವರೆಗೆ ರಜೆ ಕೇಳಬಹುದು. ಈ ವಿಚಾರಣೆಗೆ ಇಬ್ಬರ ಪರವಾಗಿಯೂ ವಕೀಲರು ಬರುವಂತಿಲ್ಲ, ಆದ್ದರಿಂದ ಫೀಸಿನ ಚಿಂತೆಯೂ ಇಲ್ಲ. ನಿಮ್ಮ ಹೆಸರನ್ನು ಪತ್ರಿಕೆಗಾಗಲಿ ಹೊರಗಿನವರಿಗಾಗಲಿ ತಿಳಿಸುವಂತಿಲ್ಲ. ತಪ್ಪು ಸಾಬೀತಾದರೆ ಲಿಖಿತ ಕ್ಷಮಾಪಣೆಯಿಂದ ಹಿಡಿದು ಬಡ್ತಿ ತಡೆ, ಕೆಲಸದಿಂದ ವಜಾದವರೆಗೆ ಶಿಕ್ಷೆಯಾಗಬಹುದು. ಅವನ ಸಂಬಳದಿಂದಲೇ ನಿಮಗೆ ಪರಿಹಾರ ಕೊಡಿಸಬಹುದು. ತೀರ್ಮಾನ ಸರಿಯಿಲ್ಲ ಎನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಹೋಗಬಹುದು.

ಇದಲ್ಲದೆ ಪೊಲೀಸರಿಗೂ ದೂರು ಕೊಡುವ ಹಕ್ಕು ನಿಮಗಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಲ್ಲಿ ಲೈಂಗಿಕ ಕಿರುಕುಳ ಅಪರಾಧ. ಬೇಡದ ಸ್ಪರ್ಶಕ್ಕೂ ಬೇಡಿಕೆಗೂ ಮೂರು ವರ್ಷದವರೆಗೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ ಸೆರೆಮನೆ. ಅಪಾಯದ ಹೊತ್ತಿನಲ್ಲಿ ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181, ಈ ಎರಡು ನಂಬರು ನಿಮ್ಮ ಫೋನಿನಲ್ಲಿರಲಿ.

“ಸಾಬೀತು ಮಾಡೋಕಾಗದಿದ್ರೆ ನನ್ನ ಮೇಲೇ ಕೇಸು ಹಾಕ್ತಾರಂತೆ ಹೌದಾ?” ಎಂದು ಅನೇಕರು ಹೆದರುತ್ತಾರೆ. ಈ ಹೆದರಿಕೆಯನ್ನು ಹುಟ್ಟಿಸುವವರು ಯಾರೆಂದು ನಿಮಗೇ ಗೊತ್ತು! ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸ್ಥಿರಪಟ್ಟರೆ ಮಾತ್ರ ಕ್ರಮ. ಸಾಕ್ಷಿ ಸಾಲಲಿಲ್ಲ ಎಂಬ ಕಾರಣಕ್ಕೆ ದೂರು ಕೊಟ್ಟವಳಿಗೆ ಶಿಕ್ಷೆಯಿಲ್ಲ ಎಂದು ಕಾಯಿದೆಯೇ ಬಿಡಿಸಿ ಹೇಳಿದೆ.

ಹೊಲಿಗೆ ಯಂತ್ರದ ಮುಂದೆ

ಕಾಯಿದೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆ? ಇಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಕಡೆ ನೋಡಿ. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಮೇಲ್ವಿಚಾರಣೆ ಮಾಡುವವರು ಬಹುಮಟ್ಟಿಗೆ ಗಂಡಸರು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಗಿಯದಿದ್ದರೆ ಬೈಗುಳ. ರಜೆ ಬೇಕಾದರೂ ಅವನನ್ನೇ ಕೇಳಬೇಕು, ಕಷ್ಟದ ಲೈನಿನಿಂದ ಸುಲಭದ ಲೈನಿಗೆ ಹಾಕುವುದೂ ಅವನ ಕೈಯಲ್ಲೇ. ಇಂಥ ಕಡೆ ಆಂತರಿಕ ಸಮಿತಿಯ ಪಟ್ಟಿ ಗೋಡೆಯ ಮೇಲಿದ್ದರೂ, ಎದ್ದು ಹೋಗಿ ದೂರು ಕೊಡುವ ಧೈರ್ಯ ಒಬ್ಬಳಿಗೇ ಬರುವುದು ಕಷ್ಟ.

ಅದಕ್ಕೇ ಸಂಘ ಬೇಕು. ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ವಾಪಸು ಪಡೆಯುವ ನಿಯಮ ಬಿಗಿ ಮಾಡಿದ್ದನ್ನು ವಿರೋಧಿಸಿ ಬೀದಿಗಿಳಿದಾಗ ಕೇಂದ್ರ ಸರ್ಕಾರವೇ ಆ ನಿಯಮವನ್ನು ಹಿಂತೆಗೆದುಕೊಂಡಿತು. ಪಕ್ಕದ ತಮಿಳುನಾಡಿನ ದಿಂಡಿಗಲ್ಲಿನಲ್ಲಿ 2021ರ ಆರಂಭದಲ್ಲಿ ಒಬ್ಬ ಕಾರ್ಮಿಕ ಯುವತಿಯ ಕೊಲೆಯಾಗಿ, ಕಾರ್ಖಾನೆಯ ಮೇಲ್ವಿಚಾರಕನ ಮೇಲೆ ಆಪಾದನೆ ಬಂತು. ಹೆಂಗಸರೇ ನಡೆಸುವ ಅಲ್ಲಿಯ ಕಾರ್ಮಿಕ ಸಂಘ ಕೈಕಟ್ಟಿ ಕೂರಲಿಲ್ಲ. ಬಟ್ಟೆ ಕೊಳ್ಳುವ ದೊಡ್ಡ ದೊಡ್ಡ ವಿದೇಶಿ ಕಂಪನಿಗಳವರೆಗೂ ಮಾತುಕತೆ ನಡೆಸಿ 2022ರ ಏಪ್ರಿಲ್‌ನಲ್ಲಿ ಲಿಖಿತ ಒಪ್ಪಂದ ಮಾಡಿಸಿತು. ಹೊಲಿಯುವ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಕಿರುಕುಳ ಕಂಡರೆ ಅಲ್ಲಿಂದಲ್ಲಿಗೇ ವರದಿ ಮಾಡುವ ಹೊಣೆಯನ್ನು ಅವರಿಗೇ ವಹಿಸಲಾಯಿತು. ಒಬ್ಬಳು ಹೇಳಿದರೆ ಗೊಣಗಾಟ, ಹತ್ತು ಮಂದಿ ಹೇಳಿದರೆ ದೂರು, ಸಂಘವೇ ಹೇಳಿದರೆ ಒಪ್ಪಂದ!

ನಿಮ್ಮ ಮನೆಗೆ ಪಾತ್ರೆ ಬಟ್ಟೆಗೆ ಬರುವವಳನ್ನೂ ಈ ಹೊತ್ತಿನಲ್ಲಿ ಮರೆಯಬೇಡಿ. ಅವಳಿಗೆ ನಿಮ್ಮ ಮನೆಯೇ ಕೆಲಸದ ಜಾಗ. ಅವಳು ಇದ್ದಕ್ಕಿದ್ದಂತೆ ಒಂದು ಮನೆಯ ಕೆಲಸ ಬಿಟ್ಟಳೆಂದರೆ ಸೋಮಾರಿ ಎಂದು ಬೈಯುವ ಮುಂಚೆ, ಹತ್ತಿರ ಕೂರಿಸಿಕೊಂಡು “ಏನಾಯ್ತಮ್ಮ?” ಎಂದು ಕೇಳಿ. ಅವಳು ಹೇಳಿದರೆ ಜಿಲ್ಲೆಯ ಸ್ಥಳೀಯ ಸಮಿತಿಯವರೆಗೆ ಜೊತೆಗೆ ಹೋಗಿ. ಮೇಲುನೋಟಕ್ಕೇ ಅಪರಾಧ ಕಂಡುಬಂದರೆ ಆ ದೂರನ್ನು ಏಳು ದಿನಗಳೊಳಗೆ ಪೊಲೀಸರಿಗೆ ಕಳಿಸಬೇಕೆಂದು ಕಾಯಿದೆ ಹೇಳುತ್ತದೆ.

ಮನೆಯವರಿಗೆ ಒಂದು ಮಾತು

ಇದನ್ನು ಓದುತ್ತಿರುವ ತಾಯಂದಿರೇ, ಅತ್ತೆಯಂದಿರೇ, ಮತ್ತು ಹೆಂಡತಿಯ ಕೈಯಿಂದ ಪತ್ರಿಕೆ ಇಸಿದುಕೊಂಡು ಓದುವ ಗಂಡಂದಿರೇ, ನಿಮಗೂ ಒಂದು ಬಿನ್ನಹ. ಮನೆಗೆ ಬಂದು ಅವಳು ಅಳುತ್ತಾ ಹೇಳಿದಾಗ, “ನೀನು ಯಾಕೆ ಅವನ ಜೊತೆ ನಗ್ತಾ ಮಾತಾಡಿದೆ?” ಎಂದು ಮೊದಲ ಪ್ರಶ್ನೆ ಕೇಳಬೇಡಿ. “ನಾಳೆಯಿಂದ ಹೋಗೋದೇ ಬೇಡ, ಬಿಟ್ಟುಬಿಡು” ಎನ್ನುವುದೂ ಪ್ರೀತಿಯ ಮಾತಿನಂತೆ ಕಂಡರೂ ಪೂರ್ತಿ ಸರಿಯಲ್ಲ. ತಪ್ಪು ಮಾಡಿದವನು ಅದೇ ಕುರ್ಚಿಯಲ್ಲಿ ಕೂತಿರುತ್ತಾನೆ, ನಿಮ್ಮ ಮಗಳು ಮನೆಯಲ್ಲಿ ಕೂರುತ್ತಾಳೆ. ಮಾರನೆಯ ತಿಂಗಳು ಅವಳ ಜಾಗಕ್ಕೆ ಇನ್ನೊಬ್ಬರ ಮಗಳು ಬರುತ್ತಾಳೆ. ಆಮೇಲೆ? “ನೀನು ಹೇಳಿದ್ದನ್ನ ನಾವು ನಂಬ್ತೀವಿ. ಏನು ಮಾಡ್ಬೇಕು ಅಂತಿದೀಯ, ಹೇಳು” ಎನ್ನಿ. ಇಷ್ಟು ಹೇಳಿದರೆ ಅವಳಿಗೆ ಆನೆ ಬಲ ಬರುತ್ತದೆ.

ತುಂಬ ಹಿಂದಿನ ಮಾತು, ಈಗೇಕೆ ಎನ್ನುವವರೂ ಉಂಟು. ಪತ್ರಕರ್ತೆ ಪ್ರಿಯಾ ರಮಣಿ ಎಷ್ಟೋ ವರ್ಷ ಹಿಂದಿನ ಕಹಿ ಅನುಭವವನ್ನು 2018ರಲ್ಲಿ ಬಹಿರಂಗವಾಗಿ ಹೇಳಿದ್ದಕ್ಕೆ, ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ಎಂ.ಜೆ. ಅಕ್ಬರ್ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ದಶಕಗಳು ಕಳೆದರೂ ತನ್ನ ನೋವನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದಿತು. ಸಮಿತಿಗೆ ದೂರು ಕೊಡಲು ಮೂರು ತಿಂಗಳ ಗಡುವಿರಬಹುದು, ಸತ್ಯ ಹೇಳಲು ಗಡುವಿಲ್ಲ.

ನಾಳೆ ಕೆಲಸಕ್ಕೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. “ನಮ್ಮಲ್ಲಿ ಆಂತರಿಕ ಸಮಿತಿ ಇದೆಯೇ? ಅದರಲ್ಲಿ ಯಾರ್ಯಾರಿದ್ದಾರೆ?” ಎಂದು ಕೇಳಿ. ಅವರ ಹೆಸರುಗಳು ಎಲ್ಲರಿಗೂ ಕಾಣುವಂತೆ ಹಾಕಿರಬೇಕೆಂಬುದು ನಿಯಮ. ಹಾಕಿರದಿದ್ದರೆ ನಾಲ್ಕು ಜನ ಹೆಂಗಸರು ಸೇರಿ, ಹಾಕಿಸಿ ಎಂದು ಬರೆದುಕೊಡಿ. ನಿಮಗೆ ಈಗ ಯಾವ ತೊಂದರೆಯೂ ಇಲ್ಲದಿರಬಹುದು, ಸಂತೋಷ. ಆದರೆ ಹೋದ ವಾರ ತಾನೆ ಕೆಲಸಕ್ಕೆ ಸೇರಿ, ಯಾರ ಪರಿಚಯವೂ ಇಲ್ಲದೆ ಮೂಲೆಯ ಮೇಜಿನಲ್ಲಿ ಒಬ್ಬಳೇ ಊಟದ ಡಬ್ಬಿ ಬಿಚ್ಚುವ ಹುಡುಗಿಗೆ ಆ ಹೆಸರುಗಳು ಬೇಕಾದಾವು. ಊಟದ ಹೊತ್ತಿನಲ್ಲಿ ಅವಳನ್ನೂ ನಿಮ್ಮ ಜೊತೆಗೆ ಕರೆದು ಕೂರಿಸಿಕೊಳ್ಳಿ. ಏನಾದರೂ ಇದ್ದರೆ ನನಗೆ ಹೇಳು ಎನ್ನಿ.